ಐದಡಿ ಮೇಲೆ ತೂಗಿದ ಪಂಪು

2003ರ ಫೆಬ್ರುವರಿ 16, ಭಾನುವಾರ, ಬೆಳಗಿನ 6 ಗಂಟೆ 10 ನಿಮಿಷ. ಚಳ್ಳಕೆರೆಯ ಹೊರಗೆ, ಎಣ್ಣೆ ಮಿಲ್ಲುಗಳವರು ಕಟ್ಟಿಕೊಂಡ ಅರವತ್ತನಾಲ್ಕು ಮನೆಗಳ ಬಡಾವಣೆಯ ತಗ್ಗಿನ ಮೂಲೆಯಲ್ಲಿ, ದೊಡ್ಡೀರಪ್ಪ ಮಂಡಿಯೂರಿ ಕುಳಿತು ಹದಿನೆಂಟು ಅಡಿ ಆಳದ ಕೊಳಚೆ ಗುಂಡಿಯೊಳಕ್ಕೆ ದಾರ ಬಿಡುತ್ತಿದ್ದಾರೆ. ದಾರದ ತುದಿಯಲ್ಲಿ ಬಿಳಿ ಕಾಗದದ ಚೂರೊಂದಿದೆ. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಸೀಸದ ಲವಣದಲ್ಲಿ ಅದ್ದಿ ಒಣಗಿಸಿ ಕೊಟ್ಟದ್ದು. ಕೊಳಚೆಯ ವಿಷಗಾಳಿ ತಗುಲಿದರೆ ಅದು ಕಪ್ಪಾಗುತ್ತದೆ. ಗುಂಡಿಯ ನೀರನ್ನು ನಿನ್ನೆಯೇ ಟ್ಯಾಂಕರಿಗೆ ತುಂಬಿ ಸಾಗಿಸಿದ್ದಾರೆ. ಎರಡು ತಾಸಿನಿಂದ ಬ್ಲೋವರ್ ಒಳಗೆ ಗಾಳಿ ಊದುತ್ತಿದೆ. ಕಾಗದ ಮೇಲೆ ಬರುತ್ತದೆ. ಬಿಳಿಯಾಗಿಯೇ ಇದೆ. ಅವರು ಇನ್ನೊಂದು ಚೂರು ಕಟ್ಟುತ್ತಾರೆ.

"ಒಂದ್ಸಲ ನೋಡಿದ್ದು ಸಾಲ್ದಾ ಮೇಸ್ತ್ರಿ? ಕಾಗದಕ್ಕೇ ಬ್ಯಾಸರ ಬಂದು ಕಪ್ಪಾಗ್ತೈತೆ ನೋಡು" ಎಂದು ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಸೂರಪ್ಪ ನಗುತ್ತಾರೆ.

"ಮೂರು ಸಲ ಸೂರಪ್ಪಣ್ಣ. ಮೂರು."

ಇಂದು ಇಲ್ಲಿ ಹೊಸ ಪಂಪು ಕೂರಬೇಕು. ಕೊಳಚೆಯಲ್ಲಿ ಮುಳುಗಿಯೇ ಕೆಲಸ ಮಾಡುವ ಈ ಪಂಪು ಎರಡು ಕೊಳವೆಗಳ ಗುಂಟ ಜಾರಿ ಇಳಿದು, ತಳದಲ್ಲಿ ಬಿಗಿದ ಕಬ್ಬಿಣದ ಪಾದದ ಮೇಲೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಬಟ್ಟೆಯೋ ಕೂದಲೋ ಸಿಕ್ಕಿಕೊಂಡರೆ ಸರಪಳಿಯಲ್ಲಿ ಮೇಲೆಳೆದು ಬಿಡಿಸಿ ಮತ್ತೆ ಇಳಿಸಿದರಾಯಿತು, ಯಾರೂ ಒಳಗಿಳಿಯಬೇಕಿಲ್ಲ. ಆದರೆ ಆ ಪಾದವನ್ನು ಬಿಗಿಯಲು ಮಾತ್ರ ಒಬ್ಬರು ಒಮ್ಮೆ ತಳ ಮುಟ್ಟಬೇಕು. ಪಾದ ಒಂದಿಷ್ಟು ವಾಲಿದರೂ ಪಂಪು ಸರಿಯಾಗಿ ಕೂರದೆ ನೀರು ಸೋರಿ, ನಾಳೆ ಇನ್ನೊಬ್ಬರು ಇಳಿಯಬೇಕಾಗುತ್ತದೆ.

"ಸೂರಪ್ಪನ್ನ ಇಳಿಸ್ರಿ, ಅವನಿಗೆ ರೂಢಿ ಐತೆ" ಎಂದು ಬಡಾವಣೆ ಸಂಘದ ಕಾರ್ಯದರ್ಶಿ ಕೊಟ್ಟೂರಪ್ಪನವರು ನಿನ್ನೆ ಹೇಳಿದ್ದರು. ದೊಡ್ಡೀರಪ್ಪ ಒಪ್ಪಲಿಲ್ಲ. ಈಗ ಹಗ್ಗ ಸಿಕ್ಕಿಸಿದ ಬೆಲ್ಟನ್ನು ತಮ್ಮ ಸೊಂಟಕ್ಕೇ ಕಟ್ಟಿಕೊಳ್ಳುತ್ತಿದ್ದಾರೆ.

ಅವರಿಗೆ ನಲವತ್ತೇಳು ವರ್ಷ. ಬಿ.ಜಿ. ಕೆರೆಯ ಕುರಿ ಸಾಕುವ ಮನೆಯವರು. ಹತ್ತೊಂಬತ್ತಕ್ಕೆ ಬೋರ್‌ವೆಲ್ ಮೋಟರು ಎತ್ತುವ ಗುಂಪು ಸೇರಿ, 1997ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಮೋಟರುಗಳನ್ನು ಇಳಿಸಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಈ ಗುಂಡಿಯ ಮೊದಲ ಪಂಪನ್ನು ಕೂರಿಸುವ ಕೆಲಸ ಬಂತು. ಅಂದಿನಿಂದ ಇದರ ಉಸ್ತುವಾರಿ ಅವರದೇ. ದಿನಕ್ಕೆ ಸುಮಾರು ಮೂವತ್ತೆರಡು ಸಾವಿರ ಲೀಟರ್ ಕೊಳಚೆ ಬರುತ್ತದೆ. ಪಂಪು ಎಂಟು ಸಲ ಓಡುತ್ತದೆ. ಕೆಲಸ ಮುಗಿಸಿ ಮನೆಯ ಹಿತ್ತಲಲ್ಲೇ ಸ್ನಾನ ಮಾಡಿ ಅವರು ಹೊಸಿಲು ದಾಟುತ್ತಾರೆ. "ಊರಾಗೆ ಮೋಟ್ರು ಕೆಲಸ ಅಂತ ಹೇಳಿದೀವಿ. ಯಾತರ ಮೋಟ್ರು ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ" ಎನ್ನುತ್ತಾರೆ ಹೆಂಡತಿ ಪಾತಮ್ಮ.

"ಅದು ಸಣ್ಣ ನಾಚಿಕೆ" ಎನ್ನುತ್ತಾರೆ ದೊಡ್ಡೀರಪ್ಪ. ದೊಡ್ಡದನ್ನು ಹೇಳಲು ಅವರಿಗೆ ಹೊತ್ತು ಬೇಕಾಗುತ್ತದೆ.

"ಬೋರಲ್ಲಿ ಮೋಟ್ರು ತಳಕ್ಕೆ ಬಿಟ್ರೆ ಮರಳು ಎಳ್ಕಂಡು ಸುಟ್ಟೋಗ್ತೈತೆ. ಅದುಕ್ಕೆ ಮೇಲೆ ತೂಗಿ ಬಿಡ್ತೀವಿ. ಇಲ್ಲೂ ಹಂಗೇ ಐದಡಿ ಮೇಲೆ ತೂಗಿದೆ. ಪಂಪಿನ ಜೊತೆ ಬಂದಿದ್ದ ಕಬ್ಬಿಣದ ಪಾದನ ಇದ್ಯಾಕೆ ಅಂತ ಮೂಲೆಗೆ ಎಸೆದೆ. ನಂಗೆಲ್ಲ ಗೊತ್ತೈತೆ ಅನ್ನೋ ಸೊಕ್ಕು."

ಕೊಳಚೆ ಪಂಪು ಹೂಳನ್ನೂ ನುಂಗಿ ಹೊರಹಾಕಲೆಂದೇ ಮಾಡಿದ್ದು. ಅದು ಮೇಲೆ ತೂಗಿದ್ದರಿಂದ ಕೆಳಗಿನ ಐದಡಿ ಎಂಟು ತಿಂಗಳು ಅಲುಗದೆ ಕೊಳೆಯಿತು. 1998ರ ಮೇ ತಿಂಗಳಲ್ಲಿ ಹೂಳು ಪಂಪಿನ ಬಾಯಿಗೆ ಬಂತು. ತಗ್ಗಿನ ಮನೆಗಳ ಬಚ್ಚಲಲ್ಲಿ ಕೊಳಚೆ ಹಿಂದಕ್ಕೆ ಉಕ್ಕಿತು. ಮೇಲಿನ ನೀರು ತೆಗೆಸಿ, ಹೂಳೆತ್ತಲು ಸೂರಪ್ಪನ ಕೈಗೆ ಬಕೆಟ್ಟು ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಬ್ಲೋವರ್ ಇರಲಿಲ್ಲ, ಕಾಗದ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸೂರಪ್ಪ ಒಳಗಿನಿಂದ ಕೂಗಿ ಹೇಳಿದರು: "ವಾಸ್ನೆ ನಿಂತೋತು ಕಣ್ರಪ್ಪಾ."

ಮೇಲಿದ್ದವರು ಸಮಾಧಾನಪಟ್ಟರು. ಕೊಳಚೆಯ ಆ ವಿಷಗಾಳಿ, ಹೈಡ್ರೋಜನ್ ಸಲ್ಫೈಡ್, ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಾಣಕ್ಕೆ ಅಪಾಯವಾಗುವಷ್ಟು ಹೆಚ್ಚಿದಾಗ ಮೂಗನ್ನೇ ಮರಗಟ್ಟಿಸುತ್ತದೆ. ಮರುಕ್ಷಣ ಹಗ್ಗ ಜಗ್ಗಿತು. ಸೂರಪ್ಪ ಬಿದ್ದಿದ್ದರು. ಮೇಲೆಳೆದು ಆಸ್ಪತ್ರೆಗೆ ಹಾಕಿದರು, ಆರು ದಿನ ಅಲ್ಲಿದ್ದರು.

"ಕುಡಿದು ಇಳಿದಿದ್ದ ಅಂತ ಕೊಟ್ಟೂರಪ್ಪನೋರು ಸಂಘದ ಪುಸ್ತಕದಾಗೆ ಬರೆದ್ರು. ನೀನೂ ನೋಡಿದೀಯಲ್ಲ ಅಂತ ನನ್ನ ಕೇಳಿದ್ರು. ಇಲ್ಲ ಅಂದಿದ್ರೆ, ಹೂಳು ಯಾಕೆ ತುಂಬ್ತು ಅಂತ ಕೇಳ್ತಿದ್ರು." ದೊಡ್ಡೀರಪ್ಪ ಬೆಲ್ಟಿನ ಬಕ್ಕಲ್ಲನ್ನೇ ನೋಡುತ್ತಾರೆ. "ತಲೆ ಆಡಿಸಿದೆ."

ಸೂರಪ್ಪ ಹೆಂಡತಿ ಯರ್ರಮ್ಮನ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟದ್ದು 1992ರಲ್ಲಿ. ಸಂಘದವರ ಮಾತನ್ನು ಆಕೆ ನಂಬಿದರು. "ನಂಗೆ ಅವತ್ತಿಂದ ಮಲ್ಲಿಗೆ ವಾಸ್ನೆನೂ ತಿಳಿಯಲ್ಲ, ಮೀನಿನ ವಾಸ್ನೆನೂ ತಿಳಿಯಲ್ಲ" ಎನ್ನುತ್ತಾರೆ ಸೂರಪ್ಪ. "ಅವಳು ಮಾತ್ರ ಐದು ವರ್ಷದಿಂದ ದಿನಾ ಸಂಜೆ ನನ್ನ ಬಾಯಿ ಮೂಸಿ ನೋಡ್ತಾಳೆ. ಒಂದು ಮನೇಗೆ ಒಂದು ಮೂಗು ಸಾಕು ಬಿಡ್ರಿ."

6 ಗಂಟೆ 40 ನಿಮಿಷಕ್ಕೆ ದೊಡ್ಡೀರಪ್ಪ ಇಳಿಯುತ್ತಾರೆ. ಮೊಳಕಾಲ್ಮೂರು ಕಡೆಯ ಸೂರಪ್ಪನಿಗೆ ಮನೆಮಾತು ತೆಲುಗು. ಮೆಲ್ಲಗೆ ಇಳಿ ಎನ್ನಲು ಗಾಬರಿಯಲ್ಲಿ ಅದೇ ಬರುತ್ತದೆ. "ಮೆಲ್ಲಗಾ ದಿಗಪ್ಪಾ, ಮೆಲ್ಲಗಾ." ಅರ್ಧ ನಿಮಿಷಕ್ಕೊಮ್ಮೆ ಬಗ್ಗಿ ಕೇಳುತ್ತಾರೆ.

"ವಾಸ್ನೆ ಐತಾ?"

"ಐತೆ."

"ಈಗ ಐತಾ?"

"ಐತೆ ಮಾರಾಯಾ, ಇನ್ನೂ ಐತೆ."

"ಹಂಗಾದ್ರೆ ಬದುಕಿದೀಯ. ಬೋಲ್ಟು ಬಿಗಿ."

ನಾಲ್ಕು ಬೋಲ್ಟುಗಳಿಗೆ ಇಪ್ಪತ್ತಾರು ನಿಮಿಷ ಹಿಡಿಯುತ್ತದೆ. ಪಾದ ವಾಲಿಲ್ಲವೆಂದು ದೊಡ್ಡೀರಪ್ಪ ರಸಮಟ್ಟ ಇಟ್ಟು ಎರಡು ಸಲ ನೋಡಿ ಮೇಲೆ ಬರುತ್ತಾರೆ. ಪಂಪು ಸರಪಳಿಯಲ್ಲಿ ಜಾರಿ ಇಳಿದು ಪಾದದ ಮೇಲೆ ಟಕ್ಕೆಂದು ಕೂರುತ್ತದೆ. ಮನೆಗಳ ಕೊಳಚೆ ತರುವ ಕೊಳವೆಗೆ ಅಡ್ಡ ಇಟ್ಟಿದ್ದ ಮರಳಿನ ಚೀಲ ತೆಗೆದು ಕಾಯುತ್ತಾರೆ. ಅರವತ್ತನಾಲ್ಕು ಮನೆಗಳ ಭಾನುವಾರದ ಎಣ್ಣೆಸ್ನಾನ ಒಂಬತ್ತೂವರೆಗೆ ಗುಂಡಿಯನ್ನು ತುಂಬಿಸುತ್ತದೆ. ಪಂಪು ಓಡಿ ತಾನೇ ನಿಲ್ಲುತ್ತದೆ. ಗುರುತು ಹಾಕಿದ ಬಿದಿರು ಗಳುವನ್ನು ದೊಡ್ಡೀರಪ್ಪ ತಳ ಮುಟ್ಟಿಸಿ ಎತ್ತುತ್ತಾರೆ. ಐದಡಿ ಮೇಲೆ ತೂಗಿದ್ದಾಗ ಹಳೆಯ ಪಂಪು ಪ್ರತಿ ಸಲ ಬಿಟ್ಟುಹೋಗುತ್ತಿದ್ದದ್ದು 150 ಸೆಂಟಿಮೀಟರ್. ಇಂದು ಉಳಿದದ್ದು 22. ಎಲ್ಲೂ ಸೋರಿಲ್ಲ.

"ನನ್ನ ಹೆಸರು ದೊಡ್ಡದಾಗಿ ಬರೀಬ್ಯಾಡ್ರಿ. ಅವತ್ತು ಸೂರಪ್ಪ ಕುಡಿದಿರಲಿಲ್ಲ ಅಂತ ಪೇಪರಾಗೆ ಬರೀರಿ, ಅಷ್ಟು ಸಾಕು" ಎಂದು ದೊಡ್ಡೀರಪ್ಪ ವರದಿಗೆ ಬಂದ ಪತ್ರಿಕೆಯವರಿಗೆ ಹೇಳುತ್ತಾರೆ. ಯರ್ರಮ್ಮನಿಗೆ ಹೇಳಲೆಂದು ಎರಡು ಸಲ ಅವರ ಬೀದಿಯ ಬೇವಿನ ಮರದ ತನಕ ಹೋಗಿ ಹಿಂದಿರುಗಿದ್ದಾರಂತೆ.

ಸೂರಪ್ಪ ಹಗ್ಗ ಸುತ್ತುತ್ತಲೇ ಹೇಳುತ್ತಾರೆ: "ಯರ್ರಮ್ಮಗೆ ಓದಾಕೆ ಬರಲ್ಲ ಮೇಸ್ತ್ರಿ. ಪೇಪರು ಬಂದಾಗ ಬರ್ಲಿ. ನೀನು ಈಗ ಬಾ."

ದೊಡ್ಡೀರಪ್ಪ ನಲ್ಲಿಯ ಕೆಳಗೆ ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಬೇರೆ ಅಂಗಿ ಹಾಕಿಕೊಳ್ಳುತ್ತಾರೆ. ಸೂರಪ್ಪ ಮುಂದೆ, ಅವರು ಹಿಂದೆ. ಬೇವಿನ ಮರದ ಹತ್ತಿರ ಅವರ ನಡಿಗೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಗುಂಡಿಯಿಂದ ಯರ್ರಮ್ಮನ ಬಾಗಿಲಿಗೆ ದೂರ 640 ಮೀಟರ್.