ಕುಂಕುಮ ಹಚ್ಚಿದ ಜರ್ಮನ್ ನೋಟುಗಳು

ಇವತ್ತು ಕುಂದಾಪುರದ ನಾಣ್ಯ ಪ್ರದರ್ಶನದಲ್ಲಿ ಜರ್ಮನಿಯ ಹಳೇ ನೋಟು ಕಂಡೆ. ಕೆಳಗೆ ‘ಎಮರ್ಜೆನ್ಸಿ ಮನಿ’ ಎಂದಿತ್ತು. ಚಿಲ್ಲರೆಗೆ ಬರ ಬಂದಾಗ ಅಲ್ಲಿನ ಪಟ್ಟಣಗಳೇ ಅಚ್ಚು ಹಾಕಿಸಿದ ದುಡ್ಡಂತೆ. ನನ್ನ ಕಾಲೇಜಿನ ಇಂಗ್ಲಿಷಿಗೆ ದಕ್ಕಿದ್ದು ಅಷ್ಟು.

ಅದಿರಲಿ. ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ಮಾವ, ಅಮ್ಮನ ತಮ್ಮ, ಪ್ರತಿ ದೀಪಾವಳಿಗೆ ಬರುವಾಗ ಗುಜರಿ ಅಂಗಡಿಯಿಂದ ಇಂಥದೊಂದು ನೋಟು ನನಗೆಂದೇ ತರುತ್ತಿದ್ದ. ಗಾಳಿಗಿರಣಿ, ಇಗರ್ಜಿ, ಬಾತುಕೋಳಿಗಳ ಚಿತ್ರ. ಅಮ್ಮ ಅದನ್ನು ಲಕ್ಷ್ಮೀಪೂಜೆಗಿಟ್ಟು, ಕುಂಕುಮ ಹಚ್ಚಿ, ಪೆಟ್ಟಿಗೆಗೆ ಸೇರಿಸುತ್ತಿದ್ದಳು.

“ಹ್ವಾಯ್, ಆ ಲಕ್ಷ್ಮಿಗೆ ಒಂದ್ ಬೀಡಿಯೂ ಬತ್ತಿಲ್ಲೆ” ಎಂದು ಅಪ್ಪಯ್ಯ ನಗುತ್ತಿದ್ದರು.

“ನನ್ ತಮ್ಮ ತಂದದ್ದ್ ಅಲ್ದಾ?”

ನನ್ನ ಆಲ್ಬಮ್ಮಿಗೆ ಬೇಕೆಂದು ಅತ್ತರೂ ಕೊಡಳು. “ಇರ್ಲಿ ಮಗಾ. ಮಾವ ಬಂದಾಗ ಎಲ್ಲ ತೋರ್ಸುಕ್ ಬೇಕ್.”

ಒಂದು ದೀಪಾವಳಿಗೆ ಮಾವ ಬರಲಿಲ್ಲ. ಜ್ವರದಲ್ಲಿ ತೀರಿಕೊಂಡನೆಂಬ ಸುದ್ದಿ ಬಂತು. ಸೂತಕ ಕಳೆದ ಮೇಲೆ ಅಮ್ಮ ತಾನೇ ಪೆಟ್ಟಿಗೆ ತೆರೆದು ಅಷ್ಟೂ ನೋಟುಗಳನ್ನು ನನ್ನ ಕೈಗಿಟ್ಟಳು.

“ತಕೋ ಮಗಾ. ಇನ್ ಯಾರಿಗ್ ತೋರ್ಸುದ್?”

ಅಷ್ಟು ಆಸೆಪಟ್ಟಿದ್ದೆ, ಒಂದನ್ನೂ ಆಲ್ಬಮ್ಮಿಗೆ ಅಂಟಿಸಲಾಗಲಿಲ್ಲ.

ಪ್ರದರ್ಶನ ನೋಡಿ ಈಗಷ್ಟೇ ಮನೆಗೆ ಬಂದೆ. ಎಷ್ಟು ಸಲ ಹೇಳಿದರೂ ಈ ಕಥೆಯನ್ನು ಹೊಸದೆಂಬಂತೆ ಕೇಳುತ್ತಿದ್ದವಳು ನನ್ನ ಹೆಂಡತಿ. ಅವಳು ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಹಾಗಾಗಿ ಇಲ್ಲಿ ಬರೆದೆ.