ಏಕಾದಶಿಯ ಮೊದಲ ತುತ್ತು

ನಿನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ಅನ್ನ ತಳ ಹಿಡಿದ ವಾಸನೆ ಬಂತು. ನಿಮಗೆ ಅದು ಎದ್ದು ಕಿಟಕಿ ಮುಚ್ಚುವ ಸಂಗತಿಯಾದೀತು. ನನ್ನನ್ನು ಮಾತ್ರ ಎಂಬತ್ತರ ದಶಕದ ಮುಂಬಯಿಯ ಸಾಂತಾಕ್ರೂಜಿಗೆ, ಹನುಮಂತರಾವ್ ಕಾಕಾ ಅವರ ಬಾಗಿಲಿಗೆ ಒಯ್ದು ನಿಲ್ಲಿಸಿತು.

ನಾನಾಗ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ಒಂದೇ ಕೋಣೆಯ ಖೋಲಿ, ಒಂದು ಕುಕ್ಕರು. ಅನ್ನ ಮಾಡುವುದೊಂದನ್ನು ಬಿಟ್ಟು ಲೋಕದ ಎಲ್ಲ ವಿಷಯಗಳಲ್ಲೂ ಖಚಿತ ಅಭಿಪ್ರಾಯವಿತ್ತು. ಎದುರು ಮನೆಯ ಕಾಕಾ ಧಾರವಾಡದ ಕಡೆಯವರು, ವಿಮಾ ಕಚೇರಿಯಲ್ಲಿ ಗುಮಾಸ್ತರು. ಶಾಸ್ತ್ರದಲ್ಲಿ ಬರೆದದ್ದೆಲ್ಲ ಅವರಿಗೆ ಅಕ್ಷರಶಃ ನಿಜ. ಏಕಾದಶಿಯಂದು ಲೋಕದ ಪಾಪಗಳೆಲ್ಲ ಅನ್ನದಲ್ಲಿ ಬಂದು ಕೂರುತ್ತವೆ ಎಂದರೆ, ವಿರಾರ್ ಲೋಕಲ್ ರೈಲಿನಲ್ಲಿ ಜನ ಒತ್ತೊತ್ತಾಗಿ ಕೂರುವ ಹಾಗೆಯೇ ಕೂರುತ್ತವೆ. ಅಂದು ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಹಣ್ಣು, ಹಾಲು, ಕೊನೆಗೆ ನೀರೂ ಇಲ್ಲ.

"ಕಾಕಾ, ಅದು ರೂಪಕ," ಎಂದಿದ್ದೆ ಒಮ್ಮೆ.

"ನಿಮ್ಮ ಪೇಪರಿನಾಗ ಇವತ್ತು ಬರದದ್ದು ನಾಳೆ ತಪ್ಪಾತು ಅಂತ ತಿದ್ದತೀರಿ. ಇದು ಹಂಗಲ್ಲ ತಮ್ಮಾ," ಎಂದರು. ಅವರ ಹೆಂಡತಿ ಸುಶೀಲಾ ಕಾಕು ಬಾಗಿಲ ಹಿಂದೆ ನಕ್ಕರು. ಗಂಡ ಓದಿ ಹೇಳಿದ್ದನ್ನೆಲ್ಲ ಕಾಕುವೂ ನಂಬಿದ್ದರು.

ಗ್ರಂಥದ ಅಕ್ಷರ ಹಿಡಿದು ಅನ್ಯರತ್ತ ಬೆರಳು ತೋರಿಸುವ ಭಾಷಣಗಳ ವರದಿಗಳು ಆಗ ನನ್ನ ಮೇಜಿಗೆ ಹೇರಳವಾಗಿ ಬರುತ್ತಿದ್ದವು. ಕಾಕಾ ಯಾರತ್ತಲೂ ಬೆರಳು ತೋರಿಸಿದವರಲ್ಲ. ಹಾಗಾಗಿ ಅವರ ನಂಬಿಕೆಯಿಂದ ಯಾರಿಗೂ ಅಪಾಯವಿಲ್ಲವೆಂದುಕೊಂಡಿದ್ದೆ.

ಕಾಕುಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಒಂದು ಏಕಾದಶಿಯಂದು ಮಾತ್ರೆಯನ್ನು ನೀರಿಲ್ಲದೆ ನುಂಗಿ, ಉಪವಾಸವಿದ್ದು, ಮಧ್ಯಾಹ್ನ ಕುಸಿದು ಬಿದ್ದರು. ಕೆಳಮಹಡಿಯ ಗುಜರಾತಿ ಡಾಕ್ಟರು ಓಡಿ ಬಂದು ಗ್ಲೂಕೋಸ್ ಇಂಜೆಕ್ಷನ್ ಕೊಟ್ಟರು. ಕಾಕು ಕಣ್ಣು ಬಿಟ್ಟರು. "ಅಭೀ ಕುಛ್ ಖಿಲಾವ್, ನಹೀಂ ತೋ ಫಿರ್ ಗಿರೇಗೀ," ಈಗಲೇ ಏನಾದರೂ ತಿನ್ನಿಸದಿದ್ದರೆ ಮತ್ತೆ ಬೀಳುತ್ತಾರೆ ಎಂದು ಡಾಕ್ಟರು ಗದರಿದರು.

ಆ ಮನೆಯಲ್ಲಿ ಅಂದು ಹಣ್ಣು, ಹಾಲೂ ತರಿಸಿರಲಿಲ್ಲ; ತಿನ್ನುವಂಥದ್ದೇನೂ ಸಿದ್ಧವಿರಲಿಲ್ಲ. ನನ್ನ ಕುಕ್ಕರಿನಲ್ಲಿ ತಳ ಹಿಡಿದ ಅನ್ನವಿತ್ತು. ಮೊಸರು ಕಲಸಿ ತಂದೆ. ಕಾಕು ಮುಖ ತಿರುಗಿಸಿದರು.

"ಅದರಾಗ ಪಾಪ ಕೂತಿರತಾವ. ಇವರ ಹೇಳ್ಯಾರ."

"ಕಾಯಿಲೆಯವರಿಗೆ ರಿಯಾಯಿತಿ ಇದೆಯಂತಲ್ಲ. ನೀವಾದರೂ ಹೇಳಿ ಕಾಕಾ," ಎಂದೆ.

"ನಾ ಓದಿದ್ದರಾಗ ಇಲ್ಲ."

ಸುಳ್ಳು ಹೇಳುವುದು ಅವರಿಂದಾಗದು. ಕಾಕುವಿನ ತಲೆ ಮತ್ತೆ ವಾಲತೊಡಗಿತು. ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕೈಯಿಂದ ತಟ್ಟೆ ಕಸಿದುಕೊಂಡು, ದೊಡ್ಡದೊಂದು ತುತ್ತು ಮಾಡಿ, ತಮ್ಮ ಬಾಯಿಗೇ ಇಟ್ಟುಕೊಂಡು, ಕಣ್ಣು ಮುಚ್ಚಿ ನುಂಗಿದರು.

"ಪಾಪ ಈಗ ನನ್ನ ಹೊಟ್ಟ್ಯಾಗ ಹೋತು. ಇನ್ನ ಎಲ್ಲಿ ಹೋದರೂ ಇಬ್ಬರೂ ಕೂಡೇ ಹೋಗೂದು. ಬಾಯಿ ತಗಿ."

ಕಾಕು ಬಾಯಿ ತೆರೆದರು. ನಿಧಾನವಾಗಿ ಅಗಿದು, ನನ್ನತ್ತ ನೋಡಿ, "ಉಪ್ಪ ಹಾಕಿಲ್ಲೇನಪಾ ಇದಕ್ಕ?" ಎಂದರು.

ಆಮೇಲೆ ಏಕಾದಶಿಯಂದೂ ಆ ಮನೆಯಲ್ಲಿ ಅನ್ನ ಬೇಯುತ್ತಿತ್ತು. ಅದರಲ್ಲಿ ಪಾಪ ಕೂರುವುದಿಲ್ಲವೆಂದು ಕಾಕಾ ಎಂದೂ ಹೇಳಲಿಲ್ಲ. ಪ್ರತಿ ಸಲವೂ ಮೊದಲ ತುತ್ತು ತಾವು ನುಂಗಿಯೇ ಹೆಂಡತಿಗೆ ಬಡಿಸುತ್ತಿದ್ದರು.

ನಿನ್ನೆಯೂ ಏಕಾದಶಿಯಂತೆ; ಊಟಕ್ಕೆ ಕೂತಾಗ ನನ್ನ ಹೆಂಡತಿ ಹೇಳಿದಳು. ನನಗೆ ಅನ್ನ ಬರೀ ಅನ್ನ. ಉಂಡೆ. ಕಾಕಾ ಅವರ ಹಾಗೆ ಇವಳಿಗಾಗಿ ಹೆದರುತ್ತ ನುಂಗಬೇಕಾದದ್ದು ನನ್ನ ತಟ್ಟೆಯಲ್ಲಿ ಏನೂ ಇರಲಿಲ್ಲ. ಯಾವ ಶಾಸ್ತ್ರಕ್ಕೂ ಹೆದರದವನು ನಾನೆಂದು ಎಂದಿನಂತೆ ಹೆಮ್ಮೆಪಡಲು ಮಾತ್ರ ನಿನ್ನೆ ಆಗಲಿಲ್ಲ.