ಕಾಲುವೆಯಲ್ಲಿ ಮಗುಚಿ ಮಲಗಿದ್ದ ವೀರ

ಇವತ್ತು ಹುಲ್ಲಹಳ್ಳಿ ಹತ್ತಿರದ ನಮ್ಮೂರ ಕಾಲುವೆಯಲ್ಲಿ ಜೆಸಿಬಿ ಕೆಸರು ಬಗೆಯುತ್ತಿತ್ತು. ಆ ವಾಸನೆ ಬಡಿದದ್ದೇ ತಡ, ನಮ್ಮಜ್ಜಿ ನೆನಪಾದಳು.

ಕಾಲುವೆ ದಾಟಲು ಅಡ್ಡಲಾಗಿ ಹಾಸಿದ್ದ ಚಪ್ಪಡಿ ನಿಜವಾಗಿ ಒಂದು ವೀರಗಲ್ಲು. ಯಾವ ಕಾಲದಲ್ಲೋ ಯಾರೋ ಅದನ್ನು ಮಗುಚಿ ಹಾಕಿದ್ದರು. ಊರೆಲ್ಲ ಅದರ ಮೇಲೆ ನಡೆದರೂ ಅಜ್ಜಿ ಮಾತ್ರ ಸೀರೆ ಎತ್ತಿ ಕಟ್ಟಿ ನೀರಿಗಿಳಿದೇ ದಾಟುತ್ತಿದ್ದಳು.

"ತುಳೀಬ್ಯಾಡ ಕಣವ್ವ, ಕೆಳಗೆ ಈರಪ್ಪ ಮಲಗವ್ನೆ" ಅನ್ನುವಳು.

ಒಮ್ಮೆ ನನ್ನ ಕೈ ಹಿಡಿದು ನೀರಿನೊಳಗೆ ಕಲ್ಲಿನ ಅಡಿಯನ್ನು ಸವರಿಸಿದಳು. ಪಾಚಿಯ ನಡುವೆ ಬೆರಳಿಗೆ ಒಂದು ಪುಟ್ಟ ಮೂಗು ಸಿಕ್ಕಿತು. ಕೈ ಹಿಂದಕ್ಕೆಳೆದುಕೊಂಡೆ.

"ಎದರ್ಬ್ಯಾಡ, ನಮ್ಮೂರ ಕಾಯಕ್ಕೋಗಿ ಸತ್ತೋನು" ಅಂದಳು.

ಇವತ್ತು ಹೊಸ ಸೇತುವೆಗೆಂದು ಆ ಕಲ್ಲನ್ನೇ ಚೈನಿಗೆ ಬಿಗಿದು ಎತ್ತಿದರು. ಅದು ಗಾಳಿಯಲ್ಲಿ ಓಲಾಡತೊಡಗಿತು. ಮೂಗು ಮುರಿದರೆ ಅಜ್ಜಿಗೆ ಏನು ಹೇಳಲಿ?

"ತಡಿಯಪ್ಪಾ, ಮೊದ್ಲು ಹುಲ್ಲಾಸ್ತೀನಿ, ಆಮೇಲೆ ಇಳ್ಸು!" ಎಂದು ಕೂಗಿದೆ.

"ಏನಕ್ಕಾ, ಕಲ್ಲಿಗೂ ಆಸ್ಗೆನಾ?" ಎಂದು ಡ್ರೈವರ್ ನಕ್ಕ. ಆದರೂ ಕಾದ.

ಶಿವ ಶಿವಾ ಎನ್ನುತ್ತಾ ಪಕ್ಕದ ಕಣದಿಂದ ಒಂದು ಹೊರೆ ಹುಲ್ಲು ತಂದು ಹಾಸಿದೆ. ಡ್ರೈವರ್ ಕಲ್ಲನ್ನು ಅದರ ಮೇಲಿಳಿಸಿ ಅಂಗಾತ ಹೊರಳಿಸಿದ ಮೇಲೆ, ಸೆರಗಿನಿಂದ ಕೆಸರು ಒರೆಸಿ, ಕಣ್ಣು ಮುಚ್ಚಿಕೊಂಡು ತಡಕಿದೆ.

ಮೂಗು ಇತ್ತು.